ಸಾಕ್ಷಿಯ ಗೆರೆ

ಪ್ರಶ್ನೆ ನನಗೆ ಸಿಕ್ಕಿದ್ದು ದಾಂಡೇಲಿಯಿಂದ ಉಳವಿಗೆ ಹೊರಟ ಬಸ್ಸಿನಲ್ಲಿ. ಮುಂದಿನ ಸೀಟಿನಲ್ಲಿ ಅಕ್ಕತಂಗಿ ಇಬ್ಬರು ಕೂತಿದ್ದರು. ತಂಗಿಯ ಮಡಿಲಲ್ಲಿ ಎರಡು ವರ್ಷದ ಮಗು. ಮಾತು ಕೊಂಕಣಿಯಲ್ಲಿ ಸಾಗಿತ್ತು, ನಡುನಡುವೆ ಕನ್ನಡ. ನನಗೆ ತಿಳಿದಷ್ಟು ಇಷ್ಟು: ಎರಡು ಮಕ್ಕಳಾದವು, ಇನ್ನು ಆಪರೇಷನ್ ಮಾಡಿಸಿಕೊಳ್ಳಬೇಕು, ಗಂಡ ಗೋವಾದಲ್ಲಿ ದುಡಿಯುತ್ತಾನೆ, ಅವನು ಊರಿಗೆ ಬಂದು ಸಹಿ ಹಾಕುವ ತನಕ ಆಗುವುದಿಲ್ಲ. ಕೊನೆಯ ಮಾತನ್ನು ಅಕ್ಕ ಕನ್ನಡದಲ್ಲೇ ಹೇಳಿದಳು: ‘ಗಂಡನ ಸಹಿ ಬೇಕೇ ಬೇಕಂತೆ.’

ಆ ‘ಅಂತೆ’ ನನ್ನನ್ನು ಹಿಡಿದುಕೊಂಡಿತು. ನಮ್ಮ ಭಾಷೆಯಲ್ಲಿ ಇದೊಂದು ಪ್ರಾಮಾಣಿಕ ಪ್ರತ್ಯಯ. ಹೇಳುವವರು ತಾವು ಕಂಡದ್ದಲ್ಲ, ಕೇಳಿದ್ದು ಎಂದು ಒಪ್ಪಿಕೊಳ್ಳುತ್ತಾರೆ. ಯಾರಿಂದ ಕೇಳಿದ್ದು ಎಂಬುದನ್ನು ಮಾತ್ರ ಹೇಳುವುದಿಲ್ಲ. ಈ ‘ಅಂತೆ’ ಯಾವ ಕಾಗದದಲ್ಲಿ ಹುಟ್ಟಿತು ಎಂದು ಹುಡುಕಿ ನೋಡೋಣ ಎಂದುಕೊಂಡೆ. ಒಂದು ಮಧ್ಯಾಹ್ನದ ಕೆಲಸ ಎಂದು ಭಾವಿಸಿದ್ದೆ. ತಿಂಗಳುಗಳು ಹಿಡಿದವು.

ಮೊದಲು ಹುಡುಕಿದ್ದು ಕಾಯ್ದೆಯನ್ನು. ಗರ್ಭಪಾತಕ್ಕೆ 1971ರ ವೈದ್ಯಕೀಯ ಗರ್ಭಪಾತ ಕಾಯ್ದೆ ಇದೆ, ಮತ್ತು ಅದರ 3ನೇ ಕಲಮು ಸ್ಪಷ್ಟವಾಗಿದೆ: 18 ತುಂಬಿದ, ಮಾನಸಿಕವಾಗಿ ಸ್ವಸ್ಥಳಾದ ಹೆಂಗಸಾದರೆ ಆಕೆಯ ಒಪ್ಪಿಗೆ ಸಾಕು, ಗಂಡನ ಪ್ರಸ್ತಾಪವೇ ಇಲ್ಲ. ಸಂತಾನಶಕ್ತಿಹರಣಕ್ಕೂ ಇಂಥದ್ದೊಂದು ಇರಲೇಬೇಕು ಎಂಬುದು ನನ್ನ ಊಹೆ. ಅದು ತಪ್ಪಾಗಿತ್ತು. ಈ ಶಸ್ತ್ರಚಿಕಿತ್ಸೆಗೆ ಯಾರ ಒಪ್ಪಿಗೆ ಬೇಕು ಎಂದು ವಿಧಿಸುವ ಪ್ರತ್ಯೇಕ ಕಾಯ್ದೆ ಕೇಂದ್ರದಲ್ಲೂ ಇಲ್ಲ, ಕರ್ನಾಟಕದಲ್ಲೂ ಇಲ್ಲ.

ಆದರೂ ಹಿಂದಕ್ಕೆ ಹೋಗಿ ನೋಡಿದೆ. ಮೈಸೂರು ಸಂಸ್ಥಾನ 1930ರಲ್ಲೇ ಸರ್ಕಾರದ ವತಿಯಿಂದ ಸಂತಾನ ನಿಯಂತ್ರಣ ಕೇಂದ್ರಗಳನ್ನು ತೆರೆಯಲು ಆದೇಶ ಹೊರಡಿಸಿತ್ತು, ಜಗತ್ತಿನಲ್ಲೇ ಮೊದಲು ಎಂದು ಹೆಸರಾದ ಆದೇಶ ಅದು. ಅಲ್ಲಿಂದ ಎಳೆ ಸಿಗಬಹುದೆಂದು ಬಹಳ ಆಸೆಯಿತ್ತು. ಎರಡು ಕಾರಣಕ್ಕೆ ಅದು ಕೈಬಿಟ್ಟಿತು. ಆ ಕೇಂದ್ರಗಳ ಕೆಲಸ ಸಲಹೆ ಕೊಡುವುದು, ಅಲ್ಲಿಂದ ಒಪ್ಪಿಗೆಯ ನಿಯಮ ಹುಟ್ಟಲಿಲ್ಲ. ಎರಡನೆಯದಾಗಿ, ಅಂದು ಉಳವಿ ಮೈಸೂರಿಗೆ ಸೇರಿರಲೇ ಇಲ್ಲ. 1956ರ ನವೆಂಬರ್ 1ರವರೆಗೂ ಕೆನರಾ ಜಿಲ್ಲೆ ಮುಂಬಯಿಯ ಆಡಳಿತದಲ್ಲಿತ್ತು, ಉಳವಿ ಇರುವ ಇಂದಿನ ಜೊಯಿಡಾ ಆಗ ಸೂಪಾ ತಾಲ್ಲೂಕು. ಹಾಗೆಂದು ಮುಂಬಯಿಯ ಕಡೆ ತಿರುಗಿದಾಗ ಸಿಕ್ಕಿದ್ದು ನಾನು ಹುಡುಕುತ್ತಿದ್ದುದರ ವಿರುದ್ಧದ ಕಾಗದ. 1976ರಲ್ಲಿ, ತುರ್ತುಪರಿಸ್ಥಿತಿಯ ನಡುವೆ, ಮಹಾರಾಷ್ಟ್ರದ ವಿಧಾನಮಂಡಲ ಕುಟುಂಬದ ಗಾತ್ರಕ್ಕೆ ಮಿತಿ ಹೇರಿ ಶಸ್ತ್ರಚಿಕಿತ್ಸೆಯನ್ನು ಕಡ್ಡಾಯಗೊಳಿಸುವ ಮಸೂದೆಯನ್ನು ಅಂಗೀಕರಿಸಿತ್ತು. ರಾಷ್ಟ್ರಪತಿಗಳ ಅಂಕಿತ ಬೀಳಲಿಲ್ಲ, ಮಸೂದೆ ಅಲ್ಲಿಗೇ ನಿಂತಿತು. ಈ ವಿಷಯದಲ್ಲಿ ನಮ್ಮ ಶಾಸನಸಭೆಗಳು ಕಾಯ್ದೆಗೆ ಅತಿ ಹತ್ತಿರ ಬಂದದ್ದು ಒಪ್ಪಿಗೆಯನ್ನು ಕಿತ್ತುಕೊಳ್ಳಲು ಹೊರಟಾಗ ಎಂಬುದನ್ನು ಗುರುತು ಹಾಕಿಕೊಂಡು ಮುಂದೆ ಸಾಗಿದೆ.

ದಂಡಸಂಹಿತೆಯಲ್ಲಿ ಸಾಮಾನ್ಯ ತತ್ತ್ವ ಸಿಗುತ್ತದೆ. ಹಳೆಯ ಸಂಹಿತೆಯ 90ನೇ ಕಲಮು, ಈಗಿನ ಭಾರತೀಯ ನ್ಯಾಯ ಸಂಹಿತೆಯ 28ನೆಯದು: ಹೆದರಿಕೆಯಿಂದಲೋ ತಪ್ಪು ತಿಳಿವಳಿಕೆಯಿಂದಲೋ ಕೊಟ್ಟ ಒಪ್ಪಿಗೆ, ಅದು ಹಾಗೆ ಬಂದದ್ದೆಂದು ಎದುರಿನವನಿಗೆ ಗೊತ್ತಿದ್ದರೆ, ಒಪ್ಪಿಗೆಯಲ್ಲ. ಒಪ್ಪಿಗೆ ಹೇಗಿರಬೇಕು ಎಂಬುದಕ್ಕೆ ಇದು ಉತ್ತರ. ಯಾರದ್ದಿರಬೇಕು ಎಂಬುದಕ್ಕಲ್ಲ.

ಉತ್ತರದಂತೆ ಕಂಡದ್ದು ಸಿಕ್ಕಿದ್ದು ಕೈಪಿಡಿಯೊಂದರಲ್ಲಿ. ಕೇಂದ್ರ ಆರೋಗ್ಯ ಸಚಿವಾಲಯ 2006ರ ಅಕ್ಟೋಬರಿನಲ್ಲಿ ಸ್ತ್ರೀ ಮತ್ತು ಪುರುಷ ಸಂತಾನಶಕ್ತಿಹರಣ ಸೇವೆಗಳ ಗುಣಮಟ್ಟದ ಬಗ್ಗೆ ಹೊರತಂದ ಮಾರ್ಗಸೂಚಿ ಅದು. ಯಾರು ಅರ್ಹರು ಎಂಬ ಪಟ್ಟಿ ಮೊದಲು ಬರುತ್ತದೆ: ಮದುವೆಯಾದವರು, ಹೆಂಗಸಾದರೆ 22ರಿಂದ 49 ವರ್ಷದೊಳಗಿನವರು, ಒಂದು ವರ್ಷ ದಾಟಿದ ಒಂದು ಮಗುವಾದರೂ ಇರುವವರು, ಬುದ್ಧಿ ಸ್ವಾಧೀನದಲ್ಲಿರುವವರು. ಅನಂತರ ಒಪ್ಪಿಗೆಯ ಭಾಗ. ಬಲವಂತದಿಂದ ಪಡೆಯಬಾರದು, ಮಂಪರಿನ ಔಷಧ ಕೊಟ್ಟಮೇಲೆ ಪಡೆಯಬಾರದು, ಶಸ್ತ್ರಚಿಕಿತ್ಸೆಗೆ ಮೊದಲೇ ಸಹಿ ಆಗಬೇಕು. ಅದರ ಬೆನ್ನಿಗೇ ಒಂದು ಸಣ್ಣ ವಾಕ್ಯ: ಸಂಗಾತಿಯ ಒಪ್ಪಿಗೆ ಅಗತ್ಯವಿಲ್ಲ.

ಅಷ್ಟೇ. ವಿವರಣೆ ಇಲ್ಲ, ಷರತ್ತು ಇಲ್ಲ. ಆ ವಾಕ್ಯವನ್ನು ಬೆರಳಿಟ್ಟು ಓದಿದೆ. ಬಸ್ಸಿನ ಹೆಣ್ಣುಮಗಳಿಗೆ ಬೇಕಾಗಿದ್ದ ಮಾತು ಅದು, ಅಚ್ಚಾಗಿ ವರ್ಷಗಳೇ ಕಳೆದಿದ್ದವು. ಹುಡುಕಾಟ ಮುಗಿಯಿತು ಎಂದು ಟಿಪ್ಪಣಿ ಪುಸ್ತಕದಲ್ಲಿ ಬರೆದೂ ಬಿಟ್ಟೆ.

ಮುಗಿದಿರಲಿಲ್ಲ. ಕೈಪಿಡಿ ಇಷ್ಟು ನೇರವಾಗಿದ್ದರೆ ‘ಬೇಕೇ ಬೇಕಂತೆ’ ಎಂಬುದು ಇಷ್ಟು ಗಟ್ಟಿಯಾಗಿ ಹೇಗೆ ಉಳಿಯಿತು? ವದಂತಿಯೂ ಎಲ್ಲೋ ಒಂದು ಕಡೆ ಬೇರು ಬಿಟ್ಟಿರುತ್ತದೆ. ವೈದ್ಯರು ಸರ್ಕಾರದ ಕೈಪಿಡಿಗೆ ಮಾತ್ರವಲ್ಲ, ತಮ್ಮ ವೃತ್ತಿಯ ನಿಯಮಾವಳಿಗೂ ಬದ್ಧರು ಎಂದು ಹೊಳೆದ ಮೇಲೆ 2002ರ ಗೆಜೆಟ್ ತೆರೆದೆ. ಭಾರತೀಯ ವೈದ್ಯಕೀಯ ಮಂಡಳಿಯ ವೃತ್ತಿ ನಡತೆ ಮತ್ತು ನೀತಿಯ ನಿಯಮಾವಳಿ. ಏಳನೇ ಅಧ್ಯಾಯ ದುರ್ನಡತೆಯದು, ಯಾವುದನ್ನು ಮಾಡಿದರೆ ವೈದ್ಯರ ಮೇಲೆ ಶಿಸ್ತುಕ್ರಮ ಜರುಗುತ್ತದೆ ಎಂಬ ಪಟ್ಟಿ. ಅದರ 7.16ನೇ ನಿಯಮದ ಮೊದಲ ವಾಕ್ಯ ಎಲ್ಲ ಶಸ್ತ್ರಚಿಕಿತ್ಸೆಗೂ ಬರಹದ ಒಪ್ಪಿಗೆ ಕೇಳುತ್ತದೆ: ಗಂಡ ಅಥವಾ ಹೆಂಡತಿಯದು, ಚಿಕ್ಕವರಾದರೆ ತಂದೆತಾಯಿ ಅಥವಾ ಪೋಷಕರದು, ಇಲ್ಲವೇ ರೋಗಿಯದು, ಆಯಾ ಸಂದರ್ಭಕ್ಕೆ ತಕ್ಕಂತೆ. ರೋಗಿಯ ಹೆಸರು ಸಾಲಿನ ಕೊನೆಯಲ್ಲಿ ಬರುವುದನ್ನು ಗಮನಿಸಿ. ಎರಡನೆಯ ವಾಕ್ಯದ ಸಾರ ಹೀಗಿದೆ: ಯಾವ ಶಸ್ತ್ರಚಿಕಿತ್ಸೆಯಿಂದ ಬಂಜೆತನ ಉಂಟಾಗಬಹುದೋ ಅದಕ್ಕೆ ಗಂಡ ಹೆಂಡತಿ ಇಬ್ಬರ ಒಪ್ಪಿಗೆಯೂ ಬೇಕು.

‘ಅಂತೆ’ಯ ಬೇರು ಇಲ್ಲಿತ್ತು. ಒಂದೇ ದೇಶದಲ್ಲಿ, ಒಂದೇ ಶಸ್ತ್ರಚಿಕಿತ್ಸೆಗೆ, ಎರಡು ಅಧಿಕೃತ ಕಾಗದಗಳು. ಒಂದು ಬೇಡ ಎನ್ನುತ್ತದೆ, ಇನ್ನೊಂದು ಬೇಕು ಎನ್ನುತ್ತದೆ. ಎರಡಕ್ಕೂ ನಡುವೆ ನಾಲ್ಕೇ ವರ್ಷ. 2006ರ ಕೈಪಿಡಿ 2002ರ ನಿಯಮವನ್ನು ಹೆಸರಿಸಿ ತಳ್ಳಿಹಾಕುವುದೂ ಇಲ್ಲ, ಒಂದು ಇನ್ನೊಂದನ್ನು ನೋಡಿಯೇ ಇಲ್ಲವೇನೋ ಎಂಬಂತಿದೆ.

ಯಾವುದು ಹೆಚ್ಚು ತೂಕದ್ದು? 2002ರದು ಸಂಸತ್ತಿನ 1956ರ ಕಾಯ್ದೆಯ ಅಡಿ ರಚಿಸಿದ ನಿಯಮ, ಶಾಸನದ ಬಲ ಅದಕ್ಕಿದೆ. 2006ರದು ಇಲಾಖೆಯ ಮಾರ್ಗಸೂಚಿ. ಬರಿಯ ಮೆಟ್ಟಿಲಿನ ಲೆಕ್ಕದಲ್ಲಿ ನಿಯಮವೇ ಮೇಲು, ಮತ್ತು ‘ಗಂಡನನ್ನು ಕರೆದುಕೊಂಡು ಬಾ’ ಎನ್ನುವ ವೈದ್ಯರ ಅಂಜಿಕೆಗೆ ಆಧಾರವಿಲ್ಲ ಎನ್ನಲಾಗದು. ‘ಬಂಜೆತನ ಉಂಟಾಗಬಹುದಾದ’ ಎಂದರೆ ಗರ್ಭಕೋಶ ತೆಗೆಯುವಂಥ ಬೇರೆ ಚಿಕಿತ್ಸೆ, ಅದನ್ನೇ ಬಯಸಿ ಮಾಡಿಸಿಕೊಳ್ಳುವ ಈ ಆಪರೇಷನ್ ಅದರೊಳಗೆ ಬರುವುದಿಲ್ಲ ಎಂದು ವಾದಿಸಬಹುದು. ಆ ವಾದ ನನಗೂ ಹಿತವೆನಿಸಿತು, ಅದಕ್ಕೇ ಅನುಮಾನವೂ ಬಂತು. ಪದಗಳನ್ನು ಇದ್ದಂತೆ ಓದಿದರೆ ಎರಡೂ ಒಳಗೇ ಬರುತ್ತವೆ. ಆ ವಾದವನ್ನು ಬಿಟ್ಟೆ.

ನಿಯಮ ಈಗಲೂ ಜೀವಂತವೇ ಎಂಬುದನ್ನೂ ನೋಡಬೇಕಿತ್ತು. ವೈದ್ಯಕೀಯ ಮಂಡಳಿ ಹೋಗಿ ರಾಷ್ಟ್ರೀಯ ವೈದ್ಯಕೀಯ ಆಯೋಗ ಬಂದಿದೆ. ಆಯೋಗ 2023ರ ಆಗಸ್ಟ್ 2ರಂದು ಹೊಸ ನಡತೆಯ ನಿಯಮಗಳನ್ನು ಪ್ರಕಟಿಸಿ, ಅದೇ ತಿಂಗಳ 23ರಂದು ತಡೆಹಿಡಿದು, 2002ರವೇ ಜಾರಿಯಲ್ಲಿರುತ್ತವೆ ಎಂದಿತು. ಹೊಸ ನಿಯಮ ಬದುಕಿದ್ದು ಮೂರು ವಾರ, 7.16 ಮತ್ತೆ ತನ್ನ ಜಾಗದಲ್ಲಿ.

ಇಲ್ಲಿಂದ ಮುಂದೆ ಉಳಿದದ್ದು ನ್ಯಾಯಾಲಯಗಳ ದಾರಿ. ಮೊದಲು ಎದುರಾದದ್ದು ನನ್ನ ನಿರೀಕ್ಷೆಗೆ ವಿರುದ್ಧವಾದ ತೀರ್ಪು. 2007ರ ಮಾರ್ಚ್ 26, ಸಮರ್ ಘೋಷ್ ಮತ್ತು ಜಯಾ ಘೋಷ್ ವಿಚ್ಛೇದನ ಪ್ರಕರಣ. ಮಾನಸಿಕ ಕ್ರೌರ್ಯ ಎಂದರೇನು ಎಂದು ವಿವರಿಸಲು ಸುಪ್ರೀಂ ಕೋರ್ಟ್ ಕೆಲವು ನಿದರ್ಶನಗಳನ್ನು ಕೊಡುತ್ತದೆ. ಹನ್ನೊಂದನೆಯದು ನಮಗೆ ಸಂಬಂಧಿಸಿದ್ದು: ವೈದ್ಯಕೀಯ ಕಾರಣವಿಲ್ಲದೆ, ಹೆಂಡತಿಯ ಒಪ್ಪಿಗೆಯೋ ತಿಳಿವಳಿಕೆಯೋ ಇಲ್ಲದೆ ಗಂಡ ಸಂತಾನಶಕ್ತಿಹರಣ ಮಾಡಿಸಿಕೊಂಡರೆ ಅದು ಮಾನಸಿಕ ಕ್ರೌರ್ಯವಾಗಬಹುದು, ಹಾಗೆಯೇ ಹೆಂಡತಿ ಮಾಡಿಸಿಕೊಂಡರೂ. ಹೆಂಡತಿಯ ವಿಷಯ ಬರುವಲ್ಲಿ ಅಚ್ಚಾಗಿರುವ ಪದ ‘ವ್ಯಾಸೆಕ್ಟಮಿ’. ಅದು ಗಂಡಸರ ಶಸ್ತ್ರಚಿಕಿತ್ಸೆ. ನನ್ನ ಪ್ರತಿಯಲ್ಲೇ ದೋಷವಿರಬೇಕೆಂದು ಇನ್ನೊಂದು ಪ್ರತಿ ತೆಗೆದೆ, ಅಲ್ಲೂ ಅದೇ. ಟ್ಯೂಬೆಕ್ಟಮಿ ಎಂಬುದು ಉದ್ದೇಶವಾಗಿತ್ತೆಂಬುದರಲ್ಲಿ ಸಂಶಯವಿಲ್ಲ, ಆದ್ದರಿಂದ ತೀರ್ಪಿನ ಅರ್ಥ ಕೆಡುವುದಿಲ್ಲ. ಈ ನಿದರ್ಶನವನ್ನು ಅದಕ್ಕೆ ಸಲ್ಲುವಷ್ಟೇ ತೂಕ ಕೊಟ್ಟು ಓದಬೇಕು. ಇದು ಮದುವೆ ಮುರಿಯುವ ಕಾರಣಗಳ ಬಗ್ಗೆ, ಆಸ್ಪತ್ರೆಯ ಬಾಗಿಲಲ್ಲಿ ಯಾರ ಸಹಿ ಬೇಕು ಎಂಬುದರ ಬಗ್ಗೆ ಅಲ್ಲ. ‘ಆಗಬಹುದು’ ಎನ್ನುತ್ತದೆ, ‘ಆಗುತ್ತದೆ’ ಎನ್ನುವುದಿಲ್ಲ. ಆದರೆ ಹಳ್ಳಿಯ ಹೆಣ್ಣುಮಗಳಿಗೆ ಈ ಎರಡು ಪ್ರಶ್ನೆಗಳೂ ಒಂದೇ ಮನೆಯಲ್ಲಿ ವಾಸ ಮಾಡುತ್ತವೆ. ಸಹಿ ಬೇಕಿಲ್ಲವೆಂದು ಕೈಪಿಡಿ ಹೇಳಿದರೂ ಮನೆಗೆ ಮರಳಿ ಬರಬೇಕಾದವಳು ಅವಳೇ.

ಆ ಪೀಠದ ಮೂವರಲ್ಲಿ ಇಬ್ಬರು, ಬಿ.ಎನ್. ಅಗರ್‌ವಾಲ್ ಮತ್ತು ಪಿ.ಪಿ. ನಾವಲೇಕರ್, ಹತ್ತು ತಿಂಗಳ ಬಳಿಕ, 2008ರ ಜನವರಿ 16ರಂದು, ಇನ್ನೊಂದು ತೀರ್ಪಿಗೂ ಸಹಿ ಹಾಕಿದ್ದಾರೆ. ಹುಡುಕಾಟ ನಿಜವಾಗಿ ತಿರುವು ಪಡೆದದ್ದು ಅಲ್ಲಿ. ಸಮೀರಾ ಕೊಹ್ಲಿ ಪ್ರಕರಣ. ಅದನ್ನು ಬರೆದವರು ಈ ಎರಡನೆಯ ಪೀಠದ ಮೂರನೆಯವರಾದ ಆರ್.ವಿ. ರವೀಂದ್ರನ್, ಹಿಂದೆ ಕರ್ನಾಟಕ ಹೈಕೋರ್ಟಿನಲ್ಲಿ ನ್ಯಾಯಮೂರ್ತಿಗಳಾಗಿದ್ದವರು. 44 ವರ್ಷದ ಅವಿವಾಹಿತೆ ಪರೀಕ್ಷೆಗಾಗಿ ಲ್ಯಾಪ್ರೋಸ್ಕೋಪಿಗೆ ಒಪ್ಪಿಗೆ ಕೊಟ್ಟಿದ್ದರು. ಅರಿವಳಿಕೆಯಲ್ಲಿದ್ದಾಗ ಹೊರಗೆ ಕಾದಿದ್ದ ತಾಯಿಯ ಒಪ್ಪಿಗೆ ಪಡೆದು ಗರ್ಭಕೋಶ, ಅಂಡಾಶಯಗಳನ್ನೇ ತೆಗೆಯಲಾಯಿತು. ನ್ಯಾಯಾಲಯ ಹೇಳಿದ್ದು: ರೋಗಿ ವಯಸ್ಕಳು, ಸ್ವಸ್ಥಚಿತ್ತಳು, ಜೀವಕ್ಕೆ ತಕ್ಷಣದ ಅಪಾಯವೂ ಇರಲಿಲ್ಲ, ಅವಳು ಎಚ್ಚರವಾಗುವ ತನಕ ಕಾಯಬಹುದಿತ್ತು, ತಾಯಿಯ ಒಪ್ಪಿಗೆ ಒಪ್ಪಿಗೆಯೇ ಅಲ್ಲ. ಪರೀಕ್ಷೆಗೆ ಕೊಟ್ಟ ಒಪ್ಪಿಗೆ ಚಿಕಿತ್ಸೆಗೆ ಹರಿಯುವುದಿಲ್ಲ, ಒಂದು ಶಸ್ತ್ರಚಿಕಿತ್ಸೆಗೆ ಕೊಟ್ಟದ್ದು ಇನ್ನೊಂದಕ್ಕೆ ಹರಿಯುವುದಿಲ್ಲ.

ಇದು ಗಂಡನ ಸಹಿಯ ಪ್ರಶ್ನೆಯನ್ನು ನೇರವಾಗಿ ತೀರ್ಮಾನಿಸಿದೆ ಎಂದು ನಾನು ಹೇಳಲಾರೆ. ಆಕೆಗೆ ಗಂಡನೇ ಇರಲಿಲ್ಲ. ಆದರೆ 7.16ರ ಮೊದಲ ವಾಕ್ಯದಲ್ಲಿ ಕೊನೆಗೆ ತಳ್ಳಿದ್ದ ರೋಗಿಯನ್ನು ಈ ತೀರ್ಪು ಮೊದಲ ಸ್ಥಾನಕ್ಕೆ ತಂದು ನಿಲ್ಲಿಸಿತು. ಮರುವರ್ಷ, 2009ರಲ್ಲಿ, ಸುಚಿತಾ ಶ್ರೀವಾಸ್ತವ ಪ್ರಕರಣದಲ್ಲಿ ಮಗು ಹೆರುವ ಅಥವಾ ಹೆರದಿರುವ ಆಯ್ಕೆ ಸಂವಿಧಾನದ 21ನೇ ವಿಧಿಯ ವೈಯಕ್ತಿಕ ಸ್ವಾತಂತ್ರ್ಯದ ಭಾಗವೆಂದಾಯಿತು. 2017ರ ಆಗಸ್ಟ್ 24ರ ಖಾಸಗಿತನದ ತೀರ್ಪು, ಅದರ ಅರ್ಜಿದಾರರು ನಮ್ಮ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ ಕೆ.ಎಸ್. ಪುಟ್ಟಸ್ವಾಮಿ, ಆ ಮಾತನ್ನು ಎತ್ತಿಹಿಡಿಯಿತು. ಇಷ್ಟನ್ನು ಒಟ್ಟಿಗೆ ಇಟ್ಟು ನೋಡಿದ ಮೇಲೆ ನನ್ನ ನಿಲುವು ಹೀಗಿದೆ: 7.16 ವೈದ್ಯ ಮತ್ತು ವೈದ್ಯಕೀಯ ಮಂಡಳಿಯ ನಡುವಿನ ಶಿಸ್ತಿನ ವಿಷಯ, ಅದು ಗಂಡನಿಗೆ ಹೆಂಡತಿಯ ಶರೀರದ ಮೇಲೆ ತಡೆಯಾಜ್ಞೆಯ ಹಕ್ಕು ಕೊಡಲಾರದು. ಸರ್ಕಾರಿ ಆಸ್ಪತ್ರೆಯ ಮಟ್ಟಿಗೆ ಇದನ್ನು ಗಟ್ಟಿಯಾಗಿ ಹೇಳುತ್ತೇನೆ. ಖಾಸಗಿ ನರ್ಸಿಂಗ್ ಹೋಮಿನ ಮಟ್ಟಿಗೆ ಸ್ವಲ್ಪ ದನಿ ತಗ್ಗಿಸಿ.

ಸರ್ಕಾರಿ ಆಸ್ಪತ್ರೆಯನ್ನು ಬೇರೆ ಮಾಡಿ ಹೇಳಲು ಕಾರಣ ಎರಡು ರಿಟ್ ಅರ್ಜಿಗಳು. 2003ರ 209ನೇ ಅರ್ಜಿ, ರಮಾಕಾಂತ್ ರಾಯ್ ಅವರದು. ಅದರಲ್ಲಿ ಸುಪ್ರೀಂ ಕೋರ್ಟ್ 2005ರ ಮಾರ್ಚ್ 1ರಂದು ರಾಜ್ಯಗಳಿಗೆ ಆದೇಶ ಕೊಟ್ಟಿತು: ಅನುಮೋದಿತ ವೈದ್ಯರ ಪಟ್ಟಿ, ಪ್ರತಿಯೊಬ್ಬರಿಗೂ ತಪಾಸಣಾ ಪಟ್ಟಿ, ದೇಶಕ್ಕೆಲ್ಲ ಒಂದೇ ಮಾದರಿಯ ಒಪ್ಪಿಗೆ ಪತ್ರ. ಅಂದರೆ 2006ರ ಕೈಪಿಡಿ ಬರಿಯ ಇಲಾಖೆಯ ಪುಸ್ತಕವಲ್ಲ, ಅದರ ಬೆನ್ನಿಗೆ ಈ ಆದೇಶವಿದೆ. ಇನ್ನೊಂದು 2012ರ 95ನೇ ಅರ್ಜಿ, ದೇವಿಕಾ ಬಿಸ್ವಾಸ್ ಅವರದು. ಬಿಹಾರದ ಅರಾರಿಯಾ ಜಿಲ್ಲೆಯ ಕಪರ್‌ಫೋರಾ ಸರ್ಕಾರಿ ಶಾಲೆಯಲ್ಲಿ 2012ರ ಜನವರಿ 7ರ ರಾತ್ರಿ, ಎರಡು ಗಂಟೆಯಲ್ಲಿ, ಟಾರ್ಚ್ ಬೆಳಕಿನಲ್ಲಿ, ಒಬ್ಬನೇ ಶಸ್ತ್ರಚಿಕಿತ್ಸಕ 53 ಹೆಂಗಸರಿಗೆ ಆಪರೇಷನ್ ಮಾಡಿದ ಶಿಬಿರ ಆ ಅರ್ಜಿಯ ಮೂಲ. ಅರ್ಜಿ ಬಾಕಿಯಿದ್ದಾಗಲೇ, 2014ರ ನವೆಂಬರಿನಲ್ಲಿ, ಛತ್ತೀಸಗಢದ ಬಿಲಾಸಪುರದಲ್ಲಿ ಶಿಬಿರದ ಹೆಂಗಸರು ಸತ್ತರು. 2016ರ ಸೆಪ್ಟೆಂಬರ್ 14ರಂದು ನ್ಯಾಯಮೂರ್ತಿ ಮದನ್ ಲೋಕೂರ್ ಮತ್ತು ಯು.ಯು. ಲಲಿತ್ ಅವರ ಪೀಠ ಮೂರು ವರ್ಷದೊಳಗೆ ಶಿಬಿರಗಳನ್ನೇ ನಿಲ್ಲಿಸಬೇಕೆಂದಿತು.

ಆ ತೀರ್ಪಿನ ನಿರ್ದೇಶನಗಳನ್ನು ಎರಡು ಸಲ ಓದಿದೆ, ಗಂಡನ ಸಹಿಗಾಗಿ. ಇಲ್ಲ. ಬದಲಿಗೆ ನಾನು ಹುಡುಕಿರದ ಸಂಗತಿಗಳು ಸಿಕ್ಕವು. ತಪಾಸಣಾ ಪಟ್ಟಿಯನ್ನು ರೋಗಿಗೆ ತಿಳಿಯುವ ಭಾಷೆಯಲ್ಲಿ ವಿವರಿಸಬೇಕು. ವಿವರಿಸಿದ್ದೇನೆ, ಅರ್ಥವಾಗಿದೆ ಎಂದು ವೈದ್ಯರು ಸಹಿ ಹಾಕಬೇಕು. ತರಬೇತಾದ ಆಪ್ತಸಮಾಲೋಚಕರೊಬ್ಬರು ಬೇರೆಯಾಗಿ ಅದೇ ಪ್ರಮಾಣಪತ್ರ ಕೊಡಬೇಕು. ಅವರು ಆಶಾ ಕಾರ್ಯಕರ್ತೆಯಾಗಿರಬಹುದು, ಆಗಿರದೆಯೂ ಇರಬಹುದು. ಮತ್ತೆ ಇದು: ಮನಸ್ಸು ಬದಲಾಯಿಸಬಹುದಾದ್ದರಿಂದ ಸುಮಾರು ಒಂದು ಗಂಟೆಯ ಬಿಡುವು ಕೊಡಬೇಕು. ಎರಡು ಗಂಟೆಯಲ್ಲಿ 53 ಹೆಂಗಸರು ಎಂಬ ಲೆಕ್ಕದ ಎದುರು, ಒಬ್ಬಳು ಸುಮ್ಮನೆ ಕೂತು ಯೋಚಿಸಲೆಂದು ಒಂದು ಗಂಟೆ.

ತಿಳಿಯುವ ಭಾಷೆ ಎಂಬಲ್ಲಿ ನಾನು ಬಹಳ ಹೊತ್ತು ನಿಂತೆ. ಉಳವಿ ಕನ್ನಡದ ದೊಡ್ಡ ಜಾಗ. ಚನ್ನಬಸವಣ್ಣನವರ ಸಮಾಧಿ ಇರುವ ಊರು, ಮಾಘದ ಜಾತ್ರೆಗೆ ಉತ್ತರ ಕರ್ನಾಟಕವೆಲ್ಲ ಚಕ್ಕಡಿ ಕಟ್ಟಿಕೊಂಡು ಬರುತ್ತದೆ. ಆದರೆ ಸುತ್ತಲಿನ ಕಾಡಿನ ಮನೆಗಳಲ್ಲಿ ಕುಣಬಿಗಳದು ಕೊಂಕಣಿ. ಹಳಿಯಾಳ, ಮುಂಡಗೋಡದ ಕಡೆಯ ಸಿದ್ದಿಗಳದು ಅವರದೇ ಬಗೆಯ ಕೊಂಕಣಿ. ಗೌಳಿಗಳದು ಮರಾಠಿ ಬೆರೆತ ಮಾತು. ಮುಂಡಗೋಡದ ನೆಲೆಯಲ್ಲಿ 1966ರಿಂದ ಟಿಬೆಟನ್. ಕಚೇರಿಯ ಕನ್ನಡ ಇವರಿಗಷ್ಟೇ ಅಲ್ಲ, ಕನ್ನಡಿಗರಿಗೂ ದೂರ. ‘ಸಂತಾನಶಕ್ತಿಹರಣ’ ಎಂಬ ಪದವನ್ನು ಯಾವ ಮನೆಯಲ್ಲೂ ಯಾರೂ ಆಡುವುದಿಲ್ಲ. ಎಲ್ಲರೂ ಆಡುವುದು ‘ಆಪರೇಷನ್’. ಆ ಪದ ಸುಲಭ, ಆದರೆ ಒಪ್ಪಿಗೆ ಪತ್ರದ ಮುಖ್ಯ ವಿಷಯವೇ ಅದರಲ್ಲಿಲ್ಲ: ಇದು ಶಾಶ್ವತ, ಹಿಂದಿರುಗಿಸಲು ಬಹುಮಟ್ಟಿಗೆ ಆಗದು, ಆದರೂ ಕೆಲವೊಮ್ಮೆ ವಿಫಲವಾಗಬಹುದು, ಮುಟ್ಟು ನಿಂತರೆ ಎರಡು ವಾರದೊಳಗೆ ಬಂದು ತಿಳಿಸಬೇಕು. ಹಳಿಯಾಳದ ಸಿದ್ದಿ ಹೆಣ್ಣುಮಗಳಿಗೂ ಮುಂಡಗೋಡದ ಟಿಬೆಟನ್ ತಾಯಿಗೂ ಇಷ್ಟನ್ನು ಅವರ ಮಾತಿನಲ್ಲಿ ಯಾರಾದರೂ ಬಾಯಿಬಿಟ್ಟು ಹೇಳಲೇಬೇಕು. ಹೇಳುವವರಿಗೆ ಕರೆತಂದದ್ದಕ್ಕೆ ಪ್ರೋತ್ಸಾಹಧನ ಸಿಗುತ್ತದೆ ಎಂದಾದರೆ ಇನ್ನೊಬ್ಬರೂ ಹೇಳಬೇಕು. ನ್ಯಾಯಾಲಯ ಎರಡು ಪ್ರಮಾಣಪತ್ರ ಕೇಳಿದ್ದು ಇದಕ್ಕೇ ಇರಬೇಕು ಎಂಬುದು ನನ್ನ ಓದು.

ಕೊನೆಗೆ ಒಪ್ಪಿಗೆ ಪತ್ರವನ್ನೇ ಮುಂದಿಟ್ಟುಕೊಂಡೆ. ಇದನ್ನು ಮೊದಲೇ ಮಾಡಬೇಕಿತ್ತು. ಮೇಲ್ಭಾಗದಲ್ಲಿ ಗಂಡ ಅಥವಾ ಹೆಂಡತಿಯ ಹೆಸರಿಗೆ ಜಾಗವಿದೆ, ವಿವರಕ್ಕಾಗಿ. ಅನಂತರ ಘೋಷಣೆಗಳು: ಯಾರ ಒತ್ತಡ, ಆಮಿಷ, ಬಲವಂತವಿಲ್ಲದೆ ನಾನೇ ನಿರ್ಧರಿಸಿದ್ದೇನೆ, ಬೇರೆ ವಿಧಾನಗಳಿವೆ ಎಂದು ಬಲ್ಲೆ, ನನ್ನ ಭಾಷೆಯಲ್ಲಿ ಓದಿ ಹೇಳಿದ್ದಾರೆ. ಕೆಳಗೆ ಆಕೆಯ ಸಹಿ ಅಥವಾ ಹೆಬ್ಬೆಟ್ಟು. ಓದುಬರಹ ಬಾರದಿದ್ದರೆ ವಿವರಿಸಿದವರ ಸಹಿ. ವೈದ್ಯರ ಸಹಿ. ಗಂಡನ ಸಹಿಗೆಂದು ಗೆರೆ ಇಲ್ಲ. ಒಂದು ಗೆರೆ ಮಾತ್ರ ಇದೆ: ಆಕೆಯ ಕಡೆಯ ಸಾಕ್ಷಿ, ಪೂರ್ಣ ಹೆಸರು, ವಿಳಾಸ.

ನೋಡುತ್ತಿದ್ದಂತೆ ಗಂಟು ಸಡಿಲವಾಯಿತು. ಹೆಂಗಸಿನ ‘ಕಡೆಯವರು’ ಎಂದರೆ ನಮ್ಮಲ್ಲಿ ಮೊದಲು ನೆನಪಾಗುವುದು ಗಂಡ. ಆ ಗೆರೆಯ ಮೇಲೆ ಗಂಡಂದಿರು ಸಹಿ ಹಾಕುತ್ತ ಬಂದಿರಬೇಕು. ಸಾಕ್ಷಿಯ ಸಹಿ ರೂಢಿಯಲ್ಲಿ ಒಪ್ಪಿಗೆಯ ಸಹಿಯಾಗಿರಬೇಕು. ಹಿನ್ನೆಲೆಯಲ್ಲಿ 7.16 ಇದ್ದುದರಿಂದ ಅದನ್ನು ಯಾರೂ ತಿದ್ದಿರಲಿಕ್ಕಿಲ್ಲ. ಇದು ನನ್ನ ಅನುಮಾನ, ದಾಖಲೆಯಲ್ಲ. ಆದರೆ ಎರಡು ಕಾಗದಗಳ ವೈರುಧ್ಯ ಮತ್ತು ಬಸ್ಸಿನ ‘ಅಂತೆ’ ಎರಡನ್ನೂ ಒಟ್ಟಿಗೆ ವಿವರಿಸುವ ಬೇರೆ ದಾರಿ ನನಗೆ ಕಾಣಲಿಲ್ಲ. ಸಾಕ್ಷಿ ಮತ್ತು ಒಪ್ಪಿಗೆ ಬೇರೆಬೇರೆ. ಸಾಕ್ಷಿ ಹೇಳುವುದು ‘ಇವಳು ಸಹಿ ಹಾಕಿದ್ದನ್ನು ಕಂಡೆ’ ಎಂದು. ‘ಹಾಕಲಿ’ ಎಂದು ಬಿಡುವ ಅಧಿಕಾರ ಅವರಿಗಿಲ್ಲ.

ಇನ್ನೊಂದು ಅಂಕಿ ಹೇಳಿಬಿಡುತ್ತೇನೆ. 7.16ರ ಎರಡನೆಯ ವಾಕ್ಯ ಗಂಡ ಹೆಂಡತಿ ಇಬ್ಬರಿಗೂ ಸಮಾನ, ಗಂಡನ ಆಪರೇಷನ್ನಿಗೆ ಹೆಂಡತಿಯ ಒಪ್ಪಿಗೆಯನ್ನೂ ಅದು ಕೇಳುತ್ತದೆ. 1976–77ರಲ್ಲಿ ದೇಶದಲ್ಲಿ ನಡೆದ ಸುಮಾರು 82 ಲಕ್ಷ ಶಸ್ತ್ರಚಿಕಿತ್ಸೆಗಳಲ್ಲಿ ಹೆಚ್ಚಿನವು ಗಂಡಸರವು. ಆ ಬಲವಂತದ ನೆನಪು ಗಂಡಸರನ್ನು ಈ ಬಾಗಿಲಿನಿಂದ ದೂರ ಮಾಡಿತು. 2019–21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯಲ್ಲಿ ದೇಶದ ವಿವಾಹಿತ ಮಹಿಳೆಯರಲ್ಲಿ ಶೇ 37.9ರಷ್ಟು ಮಂದಿ ಆಪರೇಷನ್ ಮಾಡಿಸಿಕೊಂಡವರು, ಗಂಡ ಮಾಡಿಸಿಕೊಂಡಿರುವುದು ಶೇ 0.3. ಸಮಾನವೆಂದು ಬರೆದ ನಿಯಮ ನಡೆಯುವಾಗ ಒಂದೇ ಕಡೆಗೆ ವಾಲುತ್ತದೆ. ಕೈಪಿಡಿಯ ಆ ಪುಟ್ಟ ವಾಕ್ಯವನ್ನು 7.16ರ ಪಕ್ಕದಲ್ಲೂ ಯಾರಾದರೂ ಬರೆಯಬೇಕು.

ಟಿಪ್ಪಣಿ ಪುಸ್ತಕದ ಮೊದಲ ಪುಟಕ್ಕೆ ಮರಳಿದೆ. ಬಸ್ಸಿನಲ್ಲಿ ಗೀಚಿಕೊಂಡದ್ದು: ಇಬ್ಬರು ಹೆಂಗಸರು, ಮಗು, ಗೋವಾದಲ್ಲಿ ಗಂಡ. ಆ ತಂಗಿಯ ಪಕ್ಕದಲ್ಲೇ ಅಕ್ಕ ಕೂತಿದ್ದಳು. ಸಾಕ್ಷಿಯ ಗೆರೆಯ ಮೇಲೆ ಬರೆಯಬೇಕಿದ್ದ ಹೆಸರು, ವಿಳಾಸ ಎರಡೂ ಆ ಸೀಟಿನಲ್ಲೇ ಇದ್ದವು.